ದಾಕ್ಷಾಯಿಣಿಯ ಮನೆಯಲ್ಲಿ ಹುಲಿಕವಚ

ನಮ್ಮೂರಿನ ಟ್ರಾನ್ಸ್‌ಫಾರ್ಮರುಗಳ ಮೇಲೆ ತಲೆಬುರುಡೆಯ ಚಿತ್ರವಿಲ್ಲ. ವಿದ್ಯುತ್ ಇಲಾಖೆಯವರು ಒಮ್ಮೆ ಹಾಕಿಸಿದ್ದರು. ಸಂಜೆಯೊಳಗೆ ಊರಿನವರು ಅದಕ್ಕೆ ಸುಣ್ಣ ಬಳಿದು, ಮೇಲೆ ‘ಇಲ್ಲಿಂದ ಊರಿಗೆ ಬೆಳಕು’ ಎಂದು ಬರೆಸಿದರು. ಫಲಕ ತಾನಾಗಿ ಏನೂ ಮಾಡುವುದಿಲ್ಲ, ನಿಜ. ಆದರೆ ಹೊಸದಾಗಿ ಅಕ್ಷರ ಕಲಿತ ಮಕ್ಕಳು ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ನಮ್ಮೂರಿನ ಸರಹದ್ದಿನೊಳಗೆ ಯಾವ ಎಚ್ಚರಿಕೆಯನ್ನೇ ಆಗಲಿ ಬಾಯಿಬಿಟ್ಟು ಹೇಳಿದರೆ ಅದು ನಿಜವಾಗುತ್ತದೆ. ‘ಬಿದ್ದೀಯ, ಜೋಕೆ’ ಎಂದರೆ ಮಗು ಬೀಳುತ್ತದೆ. ‘ಹಾಲು ಉಕ್ಕುತ್ತೆ ನೋಡು’ ಎಂದರೆ ಆರಿದ ಒಲೆಯ ಮೇಲಿನ ಹಾಲೂ ಉಕ್ಕುತ್ತದೆ. ಹೀಗಾಗಿ ನಮ್ಮಲ್ಲಿ ಯಾರೂ ಹೇಳುವುದಿಲ್ಲ, ತೋಳು ಹಿಡಿದು ಎಳೆಯುತ್ತಾರೆ. ಹೊರಗಿನಿಂದ ಬಂದವರಿಗೆ ಇದು ಒರಟುತನವಾಗಿ ಕಾಣುತ್ತದೆ. ನಮ್ಮ ದರ್ಜಿಗಳು ಎಡತೋಳಿಗೆ ಎರಡು ಹೊಲಿಗೆ ಹಾಕುತ್ತಾರೆ, ಅದಕ್ಕೆ ಬೇರೆ ದರವಿಲ್ಲ.

ಎಚ್ಚರಿಕೆ ಮಾತ್ರ ನಿಜವಾಗುತ್ತದೆ. ಭರವಸೆ, ಆಶೀರ್ವಾದ, ಚುನಾವಣೆಯ ಭಾಷಣ ಇವೆಲ್ಲ ಬೇರೆ ಊರುಗಳಲ್ಲಿ ಇದ್ದ ಹಾಗೆಯೇ ನಮ್ಮಲ್ಲೂ ಇವೆ. ವಿಮೆಯ ಏಜೆಂಟನೊಬ್ಬ ಒಮ್ಮೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದಿದ್ದ. ಮೊದಲ ಗಿರಾಕಿಯ ಮುಂದೆ ಬಾಯಿ ತೆರೆದ ದಿನವೇ ಗಿರಾಕಿಯ ಮಾವನ ಬಣವೆ ಸುಟ್ಟಿತು. ಏಜೆಂಟ್ ವಾರದೊಳಗೆ ಊರು ಬಿಟ್ಟ. ನಮ್ಮ ಡಾಕ್ಟರು ಮುಂದೆ ಏನಾಗುತ್ತದೆ ಎಂದು ಯಾರಿಗೂ ಹೇಳುವುದಿಲ್ಲ, ‘ನಾಳೆಯಿಂದ ಬೆಲ್ಲ ಬಿಡ್ರಿ’ ಎಂದು ಹೇಳಿ ಕಿಟಕಿಯ ಕಡೆ ನೋಡುತ್ತಾರೆ. ನಾನು ಕೆಲಸ ಮಾಡುವ ದಿನಪತ್ರಿಕೆಯಲ್ಲಿ ಹವಾಮಾನ ವರದಿ ಮರುದಿನ ಬರುತ್ತದೆ: ‘ನಿನ್ನೆ ಗುಡುಗು ಸಹಿತ ಮಳೆಯಾಯಿತು.’ ಕ್ಷೌರದಂಗಡಿಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ರೂಢಿ ಇರುವವರೆಗೂ ಅದನ್ನು ಹೀಗೇ ಹಾಕಬೇಕಾಗುತ್ತದೆ.

ಇದರ ಜೊತೆಗೆ ಇನ್ನೊಂದು ಕಟ್ಟಳೆ ಉಂಟು. ಬಾಯಿತಪ್ಪಿ ಎಚ್ಚರಿಕೆ ಹೇಳಿದವನು ಬಂದು, ಆ ಕಷ್ಟ ತೀರುವ ತನಕ ಆ ಮನೆಯವರ ಜೊತೆ ನಿಲ್ಲಬೇಕು. ಕಟ್ಟಿಗೆ ಅಡ್ಡೆಯ ರುದ್ರಪ್ಪ ಒಮ್ಮೆ ‘ಈ ಗ್ವಾಡಿ ಬೀಳತೈತಿ’ ಎಂದುಬಿಟ್ಟು, ಗೌಂಡಿ ಬರುವವರೆಗೂ ಆ ಗೋಡೆಗೆ ತೊಲೆ ಆನಿಸಿ ನಿಂತಿದ್ದ. ಮನೆಯವರು ಅವನಿಗೆ ಅಲ್ಲಿಗೇ ರೊಟ್ಟಿ ತಂದುಕೊಟ್ಟರು. ಯಾರೂ ಬೈಯಲಿಲ್ಲ. ಹೇಳಿದ ಮೇಲೆ ನಿಂತರೆ ಆಯಿತು, ನಮ್ಮಲ್ಲಿ ಅದು ಚುಕ್ತಾ.

ದಾಕ್ಷಾಯಿಣಿ ನನ್ನ ಪಕ್ಕದ ಮನೆಯವಳು. ನೇಕಾರರ ಓಣಿಗೆ ಬೇಕಾದ ಸೀರೆಯಂಚಿನ ದಡಿ, ಸೆರಗುಗಳ ವಿನ್ಯಾಸ ಬರೆಯುವವಳು. ಅವಳ ಅಪ್ಪ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಆ ಹಾಳೆಗಳನ್ನು ಗೆದ್ದಲು ತಿಂದ ಮೇಲೆ ಅವಳು ಮನೆಗೊಂದು ಕಂಪ್ಯೂಟರ್ ತಂದು, ನೆನಪಿನಿಂದ, ಹಳೆಯ ಸೀರೆಗಳ ಅಂಚಿನಿಂದ, ಮುದುಕಿಯರ ಬಾಯಿಂದ ಒಂದೊಂದೇ ದಡಿಯನ್ನು ಮತ್ತೆ ಬರೆದಳು. ಪರದೆಯ ಮೇಲೆ ಒಂದೊಂದು ಚೌಕ ತುಂಬುತ್ತಾ ಹೋಗಬೇಕು. ಒಂದು ಚೌಕವೆಂದರೆ ಮಗ್ಗದಲ್ಲಿ ಒಂದು ಎಳೆ. ಅದನ್ನು ಮುದ್ರಿಸಿ ಕೊಟ್ಟರೆ ನೇಕಾರರು ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾರೆ. ಇರುವೆ ಸಾಲು, ಕುದುರೆ ಲಾಳ, ತಾವರೆ ಮೊಗ್ಗು, ಹುಣಸೆ ಚಿಗುರು, ಎಲ್ಲವೂ ಆ ಒಂದು ಪೆಟ್ಟಿಗೆಯೊಳಗಿದ್ದವು. ಇನ್ನೆಲ್ಲೂ ಇರಲಿಲ್ಲ.

ಇನ್ನೊಂದು ಪ್ರತಿ ಮಾಡಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ಅವಳು ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದು ಹೇಳಹೊರಟರೆ ಅದೇ ಎಚ್ಚರಿಕೆಯಾಗುತ್ತದೆ. ಹೀಗಾಗಿ ನಮ್ಮೂರಿನಲ್ಲಿ ಯಾರ ಹತ್ತಿರವೂ ಯಾವುದರದ್ದೂ ಎರಡನೆಯದಿಲ್ಲ. ಬೀಗಕ್ಕೆ ಒಂದೇ ಕೀಲಿಕೈ. ಜೀಪುಗಳಿಗೆ ಸ್ಟೆಪ್ನಿ ಇಲ್ಲ. ಪಂಕ್ಚರ್ ಅಂಗಡಿಯವರು ಚೆನ್ನಾಗಿದ್ದಾರೆ.

ಅವತ್ತು ಬೆಳಿಗ್ಗೆ ಅವಳು ಕಂಪೌಂಡಿನ ಮೇಲಿಂದ ತಲೆ ಎತ್ತಿ, “ಕಾಕಾ, ಸ್ವಲ್ಪ ಬರ್ರಿ. ನಮ್ಮ ಕಂಪ್ಯೂಟರ್ ಮಾತಾಡಾಕತ್ತೈತಿ” ಎಂದಳು. ದನಿಯಲ್ಲಿ ಗಾಬರಿ ಇರಲಿಲ್ಲ. ಗಾಬರಿ ತೋರಿಸುವುದು ನಮ್ಮಲ್ಲಿ ಕೆಟ್ಟ ನಡತೆ, ಅದು ಅರ್ಧ ಎಚ್ಚರಿಕೆ.

ನಡೆದದ್ದು ಇಷ್ಟು. ಮಾವಿನ ಎಲೆಯ ಚಿತ್ರವೊಂದನ್ನು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಾಗ ಪರದೆಯ ನಡುವೆ ಒಂದು ಕಿಟಕಿ ತೆರೆದುಕೊಂಡಿತು. ಗುರಾಣಿ ಹಿಡಿದ ಹುಲಿಯ ಚಿತ್ರ. ‘ಹುಲಿಕವಚ ನಿಮ್ಮ ಕಂಪ್ಯೂಟರನ್ನು ಉಚಿತವಾಗಿ ಪರೀಕ್ಷಿಸಲೇ?’ ಕೆಳಗೆ ಎರಡು ಗುಂಡಿ, ಬೇಕು ಮತ್ತು ಬೇಡ. “ನಾ ಬ್ಯಾಡ ಅಂತನ ಒತ್ತೀನಿ ಕಾಕಾ. ಆಣಿ ಮಾಡಿ ಹೇಳತೀನಿ” ಎಂದಳು. ಅವಳು ಒತ್ತಿದ್ದು ಸರಿಯೇ. ಇಂಥ ಕಿಟಕಿಗಳಲ್ಲಿ ಬೇಡ ಎನ್ನುವ ಗುಂಡಿಯೂ ಬೇಕು ಎಂದೇ ಕೆಲಸ ಮಾಡುತ್ತದೆ. ಮೂಲೆಯ ಅಡ್ಡಗುರುತೂ ಅಷ್ಟೆ. ಅದನ್ನು ಮುಟ್ಟದೆ ಇಡೀ ಬ್ರೌಸರನ್ನೇ ಮುಚ್ಚಬೇಕು, ಅದು ಮುಚ್ಚಿಕೊಳ್ಳದಿದ್ದರೆ ಕಂಪ್ಯೂಟರನ್ನೇ ಆರಿಸಬೇಕು. ಇದು ಆಗ ನಮಗಿಬ್ಬರಿಗೂ ತಿಳಿದಿರಲಿಲ್ಲ.

ಹುಲಿ ಒಳಗೆ ಬಂದು ಕೂತಿತು. ಬೇರೆ ಊರುಗಳಲ್ಲಿ ಈ ಹುಲಿ ಕೆಂಪು ಅಕ್ಷರಗಳನ್ನು ತೋರಿಸಿ, ಹೆದರಿಸಿ, ದುಡ್ಡು ಕೇಳುತ್ತದೆ. ಅದು ಹೇಳುವ ವೈರಸ್ಸುಗಳು ಎಲ್ಲೂ ಇರುವುದಿಲ್ಲ. ಅಲ್ಲಿ ಅದು ಬರೀ ಸುಳ್ಳು. ಆದರೆ ಇದಕ್ಕೆ ಕನ್ನಡದಲ್ಲಿ ದನಿ ಕೊಟ್ಟಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವುದನ್ನು ಹೇಳುವಂಥ ಇಂಪಾದ ಹೆಣ್ಣುದನಿ ದಾಕ್ಷಾಯಿಣಿಯ ನಡುಮನೆಯಲ್ಲಿ ಸ್ಪಷ್ಟವಾಗಿ ಹೇಳಿತು: “ಎಚ್ಚರಿಕೆ. ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳು ಪತ್ತೆಯಾಗಿವೆ. ನಿಮ್ಮ ಕಡತಗಳು ಒಂದೊಂದಾಗಿ ಅಳಿಯಲಿವೆ.”

ಅಳಿಯತೊಡಗಿದವು. ಅಕಾರಾದಿಯಾಗಿ ಅಳಿಯುತ್ತಿದ್ದವು. ನಾನು ಹೋಗುವಷ್ಟರಲ್ಲಿ ಅಡಿಕೆ ಹೂವು, ಆನೆ ಹೆಜ್ಜೆ, ಇರುವೆ ಸಾಲು ಇರಲಿಲ್ಲ. ನಾವು ನೋಡುತ್ತಿದ್ದ ಹಾಗೆ ಉದ್ದಿನ ಕಾಳು ಹೋಯಿತು. ನಾನು ಮೊದಲು ಸ್ಪೀಕರಿನ ವೈರು ಕಿತ್ತೆ. ಅದು ಮತ್ತೆ ಹೇಳಲಾರದೆ ಹೋಯಿತು, ಆದರೆ ಹೇಳಿದ್ದು ಹೇಳಿಯಾಗಿತ್ತು. ದಾಕ್ಷಾಯಿಣಿ ಗೋಡೆಯ ಸ್ವಿಚ್ ಆರಿಸಿದಳು. ಆರಿಸಿದಾಗ ಏನೂ ಅಳಿಯುತ್ತಿರಲಿಲ್ಲ. ಮತ್ತೆ ಹಾಕಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಆರಿಸಿಟ್ಟ ಪೆಟ್ಟಿಗೆಯಲ್ಲಿ ದಡಿಗಳು ಕ್ಷೇಮವಾಗಿದ್ದವು, ಯಾರಿಗೂ ಸಿಗದ ಹಾಗೆ.

ಅಷ್ಟರಲ್ಲಿ ಫಕೀರಪ್ಪ ಬಂದ. ಅವನ ಮಗ್ಗದ ಮೇಲೆ ಹುಣಸೆ ಚಿಗುರು ದಡಿಯ ಹಸಿರು ಸೀರೆ ಅರ್ಧಕ್ಕೆ ನಿಂತಿತ್ತು. ಅದು ಮಾರುವ ಸೀರೆಯಲ್ಲ. ಅವನ ಮಗಳು ಬಸುರಿ, ಬರುವ ಸೋಮವಾರ ಅವಳ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ. ದಡಿಯ ಉಳಿದ ಭಾಗದ ಹಾಳೆಗಳನ್ನು ಕೊಡುತ್ತೇನೆಂದು ದಾಕ್ಷಾಯಿಣಿ ಅವನಿಗೆ ಹೇಳಿದ್ದಳು. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಆರಿದ ಪರದೆಯನ್ನೂ ನಮ್ಮಿಬ್ಬರ ಮುಖವನ್ನೂ ನೋಡಿದ. ಬಂದು ದಾಕ್ಷಾಯಿಣಿಯ ತೋಳು ಹಿಡಿದುಕೊಂಡ. ಅವಳು, “ಬಿಡೋ ಯಣ್ಣಾ, ಎಳಿಯಾಕ ಏನೂ ಉಳಿದಿಲ್ಲ” ಎಂದಳು.

“ಹ ಅಕ್ಷರಕ್ಕ ಬಂದೈತೇನು?” ಎಂದ ಫಕೀರಪ್ಪ, ವಿಷಯ ಕೇಳಿದ ಮೇಲೆ.

“ಇನ್ನೂ ಊ ದಾಗ ಐತಿ.”

“ಹಂಗಾರ ಬೇಕಾದಷ್ಟು ಐತಿ” ಎಂದು ಅವನು ನೆಲದ ಮೇಲೆ ಕೂತ. ಅವನ ಮಾತಿನಲ್ಲಿ ಸಮಾಧಾನ ಎಷ್ಟು, ಚುಚ್ಚು ಎಷ್ಟು ಎಂದು ನನಗೆ ತಿಳಿಯಲಿಲ್ಲ.

ಹುಲಿಯ ಚಿತ್ರದ ಕೆಳಗೆ ಒಂದು ಫೋನ್ ನಂಬರು ಇತ್ತು. ನಾನು ಅದನ್ನು ಬರೆದುಕೊಂಡಿದ್ದೆ. ದುಡ್ಡು ಕಟ್ಟಿದರೆ ಹುಲಿ ಹೋದೀತೇ ಎಂದು ನಾನು ಯೋಚಿಸುತ್ತಿದ್ದಾಗ ದಾಕ್ಷಾಯಿಣಿ ಆಗಲೇ ನಂಬರು ಒತ್ತುತ್ತಿದ್ದಳು. ಅವಳ ಯೋಚನೆ ಬೇರೆ ಇತ್ತು. “ರೊಕ್ಕ ಯಾಕ ಕೊಡೂದು ಕಾಕಾ? ಹೇಳಿದಾವ ಬಂದು ನಿಂದ್ರಬೇಕು. ಇದ್ದ ರೀತಿ ಅದು.”

ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ನನ್ನ ಬೆರಳು ದನಿ ತಗ್ಗಿಸುವ ಗುಂಡಿಯ ಮೇಲೆ ಇರಬೇಕೆಂದು ಮಾತಾಯಿತು. ಎತ್ತಿಕೊಂಡ ಹುಡುಗ ತನ್ನನ್ನು ಹುಲಿಕವಚದ ತಾಂತ್ರಿಕ ವಿಭಾಗದ ವಿಶಾಲ್ ಎಂದು ಪರಿಚಯಿಸಿಕೊಂಡು, ಉಸಿರು ಬಿಡದೆ ಪಾಠ ಒಪ್ಪಿಸಿದ: “ಮೇಡಂ, ನಿಮ್ಮ ಸಿಸ್ಟಮ್ ತುಂಬಾ ಸೀರಿಯಸ್ ಕಂಡಿಷನ್‌ನಲ್ಲಿದೆ. ಇನ್ನೊಂದು ನಿಮಿಷದಲ್ಲಿ ಪ್ರಿಂಟರ್‌ಗೂ ಹರಡುತ್ತೆ—”

ನನ್ನ ಬೆರಳು ತಡವಾಯಿತು. ಮೂಲೆಯಲ್ಲಿದ್ದ ಪ್ರಿಂಟರ್ ತಾನಾಗಿ ಗರಗರ ಎಂದು ಹಾಳೆ ಉಗುಳತೊಡಗಿತು. ಹಾಳೆಯ ತುಂಬ ಕಪ್ಪು. ಫಕೀರಪ್ಪ ಎದ್ದು, ಬರುತ್ತಿದ್ದ ಹಾಳೆಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ. ಕಂಪ್ಯೂಟರ್ ಆರಿಯೇ ಇತ್ತು.

“ಅದೇನು ಸೌಂಡು ಮೇಡಂ?” ಎಂದ ವಿಶಾಲ್.

“ನೀ ಹೇಳಿದ್ಯಲ್ಲ ತಮ್ಮಾ, ಪ್ರಿಂಟರ್‌ಗೂ ಹರಡೇತಿ.”

“ಇಲ್ಲ ಮೇಡಂ, ಅದು ನಾವು... ಅದು ಎಲ್ಲಾರಿಗೂ ಹೇಳೋದು. ಸುಮ್ನೆ ಹೇಳೋದು.”

“ನಮ್ಮೂರಾಗ ಸುಮ್ನ ಹೇಳೂದು ಇಲ್ಲ. ಹೇಳಿದ್ರ ಆಗತೈತಿ. ಬೆಳಿಗ್ಗಿಂದ ನಿಮ್ಮ ಹುಲಿ ಹೇಳಿದ್ದು ಎಲ್ಲಾ ಆಗೇತಿ. ನನ್ನ ಆನಿ ಹೆಜ್ಜಿ ಹೋತು, ಇರುವಿ ಸಾಲು ಹೋತು. ನೀ ಎಲ್ಲಿದ್ದೀ? ಬಸ್ ಹತ್ತಿ ಬಾ. ಹೇಳಿದಾವ ಬಂದು ನಿಂದ್ರಬೇಕು.”

ಆ ಕಡೆಯಿಂದ ಬೇರೆ ಬೇರೆ ದನಿಗಳು ಕೇಳಿಸಿದವು. ಅಕ್ಕಪಕ್ಕದ ಕುರ್ಚಿಗಳಲ್ಲಿ ಎಷ್ಟೋ ಜನ ಎಷ್ಟೋ ಊರುಗಳಿಗೆ ಅದೇ ಮಾತು ಹೇಳುತ್ತಿದ್ದರು. ಹುಡುಗ ದನಿ ತಗ್ಗಿಸಿದ. ತಾಂತ್ರಿಕ ವಿಭಾಗದ ಕನ್ನಡ ಮರೆತು ಮನೆಯ ಕನ್ನಡಕ್ಕೆ ಬಂದಿದ್ದ. “ಅಕ್ಕ, ಒಂದ್ ಮಾತ್ ಕೇಳ್ತೀನಿ, ನಿಜ ಹೇಳಕ್ಕ. ಫೈಲು ನಿಜವಾಗ್ಲೂ ಹೋಗ್ತಾ ಅವಾ? ಯಾಕಂದ್ರೆ ನಮ್ದು ಏನೂ ಮಾಡಲ್ಲ ಕಣಕ್ಕ. ಬರೀ ತೋರ್ಸುತ್ತೆ. ಕೆಂಪ್ ಕೆಂಪಗೆ ತೋರ್ಸುತ್ತೆ ಅಷ್ಟೆ. ದುಡ್ಡು ಕಟ್ಟಿದ್ರೆ ಹಸ್ರಾಗುತ್ತೆ. ಒಳಗೆ ಏನೂ ಇಲ್ಲ.”

“ಇಲ್ಲಿ ಎಲ್ಲಾ ಐತಿ” ಎಂದಳು ದಾಕ್ಷಾಯಿಣಿ.

“ರೊಕ್ಕ ಕಟ್ಟಿದ್ರ ಹೋಗತೈತೇನು ಕೇಳು” ಎಂದ ಫಕೀರಪ್ಪ ನೆಲದಿಂದ.

“ಅಯ್ಯೋ ಕಟ್‌ಬ್ಯಾಡಿ ಯಜಮಾನ್ರೆ” ಎಂದ ಹುಡುಗ. “ಕಾರ್ಡ್ ನಂಬರ್ ಕೊಟ್ರೆ ಆಮ್ಯಾಕೆ ನಿಮ್ಮ—” ಇಷ್ಟಕ್ಕೆ ನಾನು ದನಿಯನ್ನು ಪೂರ್ತಿ ತಗ್ಗಿಸಿದೆ. ಮತ್ತೆ ಏರಿಸಿದಾಗ ಅವನು, “ಹಲೋ? ಅಕ್ಕ? ಹಲೋ?” ಎನ್ನುತ್ತಿದ್ದ.

ದಾಕ್ಷಾಯಿಣಿ ಅವನಿಗೆ ನಿಧಾನವಾಗಿ ತಿಳಿಸಿದಳು, ಹೊಸದಾಗಿ ಲಗ್ನವಾಗಿ ಬಂದ ಸೊಸೆಯರಿಗೆ ನಮ್ಮೂರಿನಲ್ಲಿ ತಿಳಿಸುವ ಹಾಗೆ. “ತಮ್ಮಾ, ನಿನ್ನ ಖರೇ ಹೆಸರೇನು?” ಅವನ ಹೆಸರು ನಿಂಗರಾಜು. “ನಿಂಗರಾಜಾ, ನೀ ಬರಾಕ ಆಗೂದಿಲ್ಲಂದ್ರ ಬ್ಯಾಡ. ಫೋನಿನಾಗ ನಿಂದ್ರು. ಏನ್ ಮಾಡಬೇಕು ಅದನ್ನ ಅಷ್ಟ ಹೇಳು. ಮಾಡದಿದ್ರ ಏನಾಗತೈತಿ ಅದನ್ನ ಹೇಳಬ್ಯಾಡ. ತಿಳೀತಿಲ್ಲೋ?”

“ಅಷ್ಟೇನಾ?”

“ಅಷ್ಟ.”

ಅಷ್ಟು ಸುಲಭವಾಗಿರಲಿಲ್ಲ. ಆ ಹುಡುಗನಿಗೆ ಅನ್ನ ಕೊಡುತ್ತಿದ್ದ ವಿದ್ಯೆಯೇ ಮುಂದೆ ಏನಾಗುತ್ತದೆ ಎಂದು ಹೇಳುವುದು. ಅವನ ಪ್ರತಿ ವಾಕ್ಯವೂ ‘ಇಲ್ಲದಿದ್ದರೆ’ ಎಂಬಲ್ಲಿಗೆ ಹೋಗಿ ಕಾಲಿಡುತ್ತಿತ್ತು. “ಮೊದ್ಲು ಇಂಟರ್ನೆಟ್ ವೈರ್ ಕಿತ್ತಾಕಿ, ಇಲ್ಲಾಂದ್ರೆ...” ಎನ್ನುವನು, ನಿಲ್ಲಿಸುವನು. ನಾವು ಮೂವರೂ ಫೋನನ್ನು ನೋಡುತ್ತಾ ಕೂತಿರುತ್ತಿದ್ದೆವು. “...ಕಿತ್ತಾಕಿ. ಅಷ್ಟೆ. ಚೆನ್ನಾಗಿರುತ್ತೆ” ಎಂದು ಮುಗಿಸುವನು. ಪಾಪ, ಬೆವರುತ್ತಿದ್ದಿರಬೇಕು. ಎದುರಿಗಿದ್ದಿದ್ದರೆ ಫಕೀರಪ್ಪ ಅವನ ತೋಳು ಹಿಡಿಯುತ್ತಿದ್ದ. ಫೋನಿನಲ್ಲಿ ಹಿಡಿಯಲು ಏನೂ ಇರಲಿಲ್ಲ.

ವೈರು ಕಿತ್ತೆವು. ಕಂಪ್ಯೂಟರ್ ಹಾಕುವಾಗ ಒಂದು ಗುಂಡಿಯನ್ನು ಒತ್ತಿಹಿಡಿದುಕೊಳ್ಳಬೇಕೆಂದ. ಹಾಗೆ ಮಾಡಿದರೆ ತೀರ ಅಗತ್ಯವಿರುವ ಸಾಮಗ್ರಿ ಮಾತ್ರ ಏಳುತ್ತದೆ, ಉಳಿದವು ಮಲಗಿರುತ್ತವೆ, ಹುಲಿಯೂ ಮಲಗಿರುತ್ತದೆ. ಮೊದಲ ಸಲ ದಾಕ್ಷಾಯಿಣಿಯ ಬೆರಳು ಬೇಗ ಎದ್ದಿತು. ಹುಲಿ ಎದ್ದು ಎರಡು ದಡಿ ತಿಂದಿತು. ಕಡ್ಲಿ ಕಾಳು, ಕುದುರೆ ಲಾಳ. ಅವಳು ಸ್ವಿಚ್ ಆರಿಸಿ ಕಣ್ಣು ಮುಚ್ಚಿ ಕೂತಳು. ಕುದುರೆ ಲಾಳವನ್ನು ಅವಳಿಗೆ ಹೇಳಿಕೊಟ್ಟ ಮುದುಕಿ ಈಗಿಲ್ಲ. ಆ ಸೀರೆಯೂ ಈಗ ಯಾರ ಮನೆಯಲ್ಲೂ ಇಲ್ಲ.

“ಅಕ್ಕ, ಏನಾಯ್ತು?” ಎಂದ ನಿಂಗರಾಜು.

“ಏನಿಲ್ಲ. ಮತ್ತ ಹೇಳು.”

“ಸಾರಿ ಕಣಕ್ಕ.”

“ಸಾರಿ ಆಮ್ಯಾಲ. ಈಗ ಹೇಳು.”

ಎರಡನೆಯ ಸಲ ಪರದೆ ಬೇರೆ ಬಗೆಯಲ್ಲಿ ಬಂತು. ದೊಡ್ಡ ದೊಡ್ಡ ಅಕ್ಷರ, ನಾಲ್ಕೂ ಮೂಲೆಯಲ್ಲಿ ಬರಹ. ಹುಲಿ ಕಾಣಲಿಲ್ಲ. ಕಡತಗಳ ಪಟ್ಟಿ ತೆರೆದು ನೋಡಿದರೆ ಗಿಣಿ ಕೊಕ್ಕು ಇತ್ತು. ಸ್ವಲ್ಪ ಹೊತ್ತು ಕಾದು ನೋಡಿದೆವು. ಗಿಣಿ ಕೊಕ್ಕು ಇದ್ದೇ ಇತ್ತು. ಫಕೀರಪ್ಪ ಮೊಣಕಾಲಿನ ಮೇಲೆ ಮುಂದೆ ಬಂದು ಪರದೆಗೆ ಕೈ ಮುಗಿದ.

ಆಮೇಲೆ ನಿಂಗರಾಜು ಹುಲಿಯನ್ನು ತೆಗೆಸಿದ. ಅದು ಕಾರ್ಯಕ್ರಮಗಳ ಪಟ್ಟಿಯಲ್ಲಿ ಹುಲಿ ಎಂಬ ಹೆಸರಿನಲ್ಲಿ ಇರಲೇ ಇಲ್ಲ. ಪ್ರಿಂಟರಿಗೆ ಸಂಬಂಧಪಟ್ಟದ್ದೇನೋ ಎನ್ನುವಂಥ ಸಾಧು ಹೆಸರಿನಲ್ಲಿತ್ತು. ಆ ಹೆಸರು ಅವನಿಗೆ ಗೊತ್ತಿತ್ತು, ಇಟ್ಟವರು ಅವನ ಪಕ್ಕದ ಕೋಣೆಯಲ್ಲೇ ಇದ್ದರು. ಕಂಪ್ಯೂಟರ್ ಎದ್ದಾಗಲೆಲ್ಲ ಅದನ್ನು ಎಬ್ಬಿಸಲು ಇನ್ನೊಂದು ಕಡೆ ಒಂದು ಸಾಲು ಬರೆದಿಟ್ಟಿದ್ದರು, ಅದನ್ನೂ ಅಳಿಸಿದ. “ಅದರ ಕೆಳಗಿಂದು ಮಾತ್ರ ಮುಟ್‌ಬ್ಯಾಡಿ ಅಕ್ಕ, ಮುಟ್ಟಿದ್ರೆ—” ಎಂದವನು ತಾನೇ ತನ್ನ ಬಾಯಿಗೆ ಏನನ್ನೋ ತುರುಕಿಕೊಂಡ ಸದ್ದಾಯಿತು. ಕರವಸ್ತ್ರ ಇರಬೇಕು. ನನ್ನ ಬೆರಳಿಗೆ ಅಲ್ಲಿಂದ ಮುಂದೆ ಹೆಚ್ಚು ಕೆಲಸ ಬೀಳಲಿಲ್ಲ.

ಇಷ್ಟಾದರೂ ಅವನ ಹುಲಿ ಹೇಳಿ ಹುಟ್ಟಿಸಿದ ವೈರಸ್ಸುಗಳು ಒಳಗೆ ಎಲ್ಲೋ ಇದ್ದವು. ಅವುಗಳಿಗೆ ನಿಜವಾದ ಕಾವಲು, ಅಂದರೆ ಅಸಲಿ ಆಂಟಿವೈರಸ್, ಬೇಕು ಎಂದ. ಅದನ್ನು ಎಲ್ಲೆಂದರಲ್ಲಿ ತೆರೆದುಕೊಳ್ಳುವ ಕಿಟಕಿಯಿಂದ ತರಬಾರದು, ತಯಾರಿಸಿದವರ ತಾಣಕ್ಕೇ ನಾವಾಗಿ ಹೋಗಿ, ರೋಗವಿಲ್ಲದ ಬೇರೊಂದು ಕಂಪ್ಯೂಟರಿನಿಂದ ತರಬೇಕು. “ನಿಜವಾದ್ದು ಫೋನ್ ಮಾಡಿ ಅನ್ನಲ್ಲ ಅಕ್ಕ. ಕೂಗಾಡೋದೂ ಇಲ್ಲ. ಸುಮ್ನೆ ಕೆಲ್ಸ ಮಾಡುತ್ತೆ.” ನಾನು ಸೈಕಲ್ ಹತ್ತಿ ನಮ್ಮ ಪತ್ರಿಕೆಯ ಕಚೇರಿಗೆ ಹೋದೆ. ಕಾವಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದೆ. ಪೆನ್‌ಡ್ರೈವ್ ಕಚೇರಿಯದ್ದು, ಊರಿನಲ್ಲಿ ಬೇರೆ ಎಲ್ಲೂ ಇರಲಿಲ್ಲ. ಬರುವಷ್ಟರಲ್ಲಿ ನಿಂಗರಾಜುವಿಗೆ ಎಷ್ಟು ಜನ ಅಕ್ಕಂದಿರು, ಮೈಸೂರಿನ ಕಡೆ ಯಾವ ಊರು, ಈ ಕೆಲಸಕ್ಕೆ ಯಾಕೆ ಸೇರಿದ ಎಂಬುದೆಲ್ಲ ದಾಕ್ಷಾಯಿಣಿಗೆ ಗೊತ್ತಾಗಿತ್ತು. ಆ ಕಡೆ ಅವನ ಮೇಲಿನವನು ಯಾರೋ, ಒಂದೇ ಫೋನಿನಲ್ಲಿ ಇಷ್ಟು ಹೊತ್ತೇ ಎಂದು ಕೇಳಿದ್ದಕ್ಕೆ, “ದೊಡ್ಡ ಗಿರಾಕಿ ಸಾರ್” ಎಂದು ಅವನು ಹೇಳಿದ್ದೂ ಕೇಳಿಸಿತಂತೆ.

ನಿಜವಾದ ಕಾವಲು ಮಧ್ಯಾಹ್ನದ ತನಕ ಹುಡುಕಿತು. ಅದಕ್ಕೆ ದನಿ ಇರಲಿಲ್ಲ. ಒಂದೊಂದಾಗಿ ಹಿಡಿದು ತೆಗೆದು, ಕೊನೆಗೆ ಒಂದು ಸಣ್ಣ ಸಾಲು ತೋರಿಸಿತು. ನಾವು ಯಾರೂ ಅದನ್ನು ಗಟ್ಟಿಯಾಗಿ ಓದಲಿಲ್ಲ. ಪ್ರಿಂಟರ್ ಹಾಳೆ ಉಗುಳುವುದನ್ನು ನಿಲ್ಲಿಸಿತು. ಅ ಇಂದ ಕ ವರೆಗಿನ ದಡಿಗಳು ಹೋಗಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ದಾಕ್ಷಾಯಿಣಿ ಈಗ ಮತ್ತೆ ಬರೆಯುತ್ತಿದ್ದಾಳೆ, ಕುದುರೆ ಲಾಳ ಬಿಟ್ಟು. ಹುಣಸೆ ಚಿಗುರು ಇತ್ತು. ಮುದ್ರಿಸಿ ಕೊಟ್ಟಾಗ ಫಕೀರಪ್ಪ ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಆರದ ಶಾಯಿಯನ್ನು ಊದುತ್ತಾ, ಚಪ್ಪಲಿ ಮರೆತು ಹೊರಟುಹೋದ.

“ಅಕ್ಕ, ಇನ್ನೊಂದ್ ಕೆಲ್ಸ” ಎಂದ ನಿಂಗರಾಜು. “ಆ ಪೆನ್‌ಡ್ರೈವ್‌ಗೆ ನಿಮ್ ಡಿಸೈನೆಲ್ಲ ಇನ್ನೊಂದು ಕಾಪಿ ಹಾಕಿ. ಹಾಕಿ ಕಿತ್ತು ಬೇರೆ ಕಡೆ ಇಡಿ.”

“ಯಾಕ?”

ಇದು ನಮ್ಮೂರಿನಲ್ಲಿ ಯಾರೂ ದಾಟದ ಪ್ರಶ್ನೆ. ಆ ಕಡೆ ಕುರ್ಚಿ ಕಿರುಗುಟ್ಟಿತು. ನಾನು ಗುಂಡಿಯ ಮೇಲೆ ಬೆರಳಿಟ್ಟೆ.

“ಸುಮ್ನೆ” ಎಂದ ಅವನು ಕೊನೆಗೆ. “ಎರಡಿದ್ರೆ ಚೆಂದ ಅಲ್ವಾ ಅಕ್ಕ. ಸೀರೆಗೆ ಎರಡು ದಡಿ ಇರಲ್ವಾ?”

ದಾಕ್ಷಾಯಿಣಿ ಇದನ್ನು ಯೋಚಿಸಿದಳು. “ಹೌದು, ಇರತಾವ” ಎಂದಳು. ಅವತ್ತೇ ಪ್ರತಿ ಮಾಡಿ ಅಕ್ಕಿಡಬ್ಬಿಯ ಪಕ್ಕ ಇಟ್ಟಳು. ಕಚೇರಿಗೆ ನಾನು ಇನ್ನೊಂದು ಪೆನ್‌ಡ್ರೈವ್ ತರಿಸಬೇಕಾಯಿತು. ಈಗ ಓಣಿಯಲ್ಲಿ ಕೆಲವರು ಬೀಗದ ಕೈಗಳನ್ನೂ ಎರಡು ಮಾಡಿಸಿದ್ದಾರೆ. ಕೇಳಿದರೆ, ಚೆಂದ ಎನ್ನುತ್ತಾರೆ.

ಫೋನ್ ಇಡುವ ಹೊತ್ತಾಯಿತು. ಅವಳು ನಮ್ಮೂರ ರೀತಿಯಂತೆ, “ಚುಕ್ತಾ ಆತು ತಮ್ಮಾ, ಚಲೋ ನಿಂತಿ” ಎಂದಳು. ನಿಂಗರಾಜು ಬೆಳಗಿನಿಂದ ಬಿಗಿಹಿಡಿದ ನಾಲಿಗೆ ಸಡಿಲಾಗಿತ್ತು. ನಾನೂ ಬೆರಳು ತೆಗೆದು ಚಹಾದ ಲೋಟ ಎತ್ತಿಕೊಂಡಿದ್ದೆ. ಅವನು ಪ್ರೀತಿಯಿಂದ, ಮನಸಾರೆ, ತನ್ನ ಅಕ್ಕನಿಗೆ ಹೇಳಿದ ಹಾಗೆ ಹೇಳಿದ:

“ಹುಷಾರಾಗಿರಿ ಅಕ್ಕ. ನಮ್ಮಂಥೋರು ನಿಮ್ಮೂರ್ ಮನೆಮನೆಗೂ ಫೋನ್ ಮಾಡ್ತಾರೆ.”

ಕರೆ ಕಡಿಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎದುರು ಮನೆಯಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅದರ ಆಚೆ ಮನೆಯಲ್ಲಿ ಇನ್ನೊಂದು. ಓಣಿಯ ಕೆಳಗಿನ ತುದಿಯ ತನಕ ಮಗ್ಗಗಳ ಸದ್ದು ಒಂದೊಂದಾಗಿ ನಿಂತು, ಅಲ್ಲೆಲ್ಲ ಫೋನಿನ ಸದ್ದು ಹತ್ತಿಕೊಂಡಿತು. ಮೇಜಿನ ಮೇಲಿನ ಫೋನೂ ಬಡಿದುಕೊಂಡಿತು.

ದಾಕ್ಷಾಯಿಣಿ ಅದನ್ನು ಮೂರು ಸಲ ಬಡಿದುಕೊಳ್ಳಲು ಬಿಟ್ಟು ಎತ್ತಿಕೊಂಡಳು. ಒಬ್ಬ ಹುಡುಗಿ. “ನಮಸ್ಕಾರ ಮೇಡಂ, ನಿಮ್ಮ ಕಂಪ್ಯೂಟರ್—”

“ಯವ್ವಾ, ಊಟಾ ಮಾಡೀಯೇನು?” ಎಂದಳು ದಾಕ್ಷಾಯಿಣಿ.

“ಆ? ...ಇಲ್ಲ ಮೇಡಂ. ನಿಮ್ಮ ಕಂಪ್ಯೂಟರಿನಲ್ಲಿ—”

“ಇಷ್ಟೊತ್ತಾದ್ರೂ ಇಲ್ಲಾ? ಬುತ್ತಿ ತಂದೀಯೋ, ಅಲ್ಲೇ ಕೊಡತಾರೋ? ದನಿ ಕೇಳಿದ್ರ ಸಣ್ಣಾಕಿ ಇದ್ದಂಗ ಅದಿ. ನಿಮ್ಮವ್ವ ಎಲ್ಲಿರತಾಳ?”

ಹುಡುಗಿ ತಡೆತಡೆದು ತಾಯಿಯ ಊರು ಹೇಳಿದಳು. ಅಲ್ಲಿಂದ ಮಾತು ಅವಳ ತಂಗಿಯ ಶಾಲೆಗೆ ಹೋಯಿತು, ಹಾಸ್ಟೆಲಿನ ಸಾರಿಗೆ ಹೋಯಿತು. ಕಂಪ್ಯೂಟರಿನ ಮಾತು ಮತ್ತೆರಡು ಸಲ ತಲೆಯೆತ್ತಿತು, ಎರಡು ಸಲವೂ ದಾಕ್ಷಾಯಿಣಿ ಸ್ವಲ್ಪ ಮುಂಚೆಯೇ ಇನ್ನೊಂದು ಕೇಳಿದಳು. ಕೊನೆಗೆ ಹುಡುಗಿಯೇ, “ಊಟಕ್ಕೆ ಹೋಗ್ತೀನಿ ಮೇಡಂ” ಎಂದು ಇಟ್ಟಳು. ದಾಕ್ಷಾಯಿಣಿ ಕಂಪೌಂಡಿನ ಹತ್ತಿರ ಹೋಗಿ ಓಣಿಗೆ ಕೇಳುವ ಹಾಗೆ ಕೂಗಿದಳು: “ಎಲ್ಲಾರೂ ಫೋನ್ ಎತ್ತರೀ. ಪಾಪ, ಊಟಾ ಮಾಡಿಲ್ಲ, ಕೇಳ್ರಿ.” ಅದರಲ್ಲಿ ಎಚ್ಚರಿಕೆಯೇನೂ ಇರಲಿಲ್ಲ. ಓಣಿಯ ಜನ ಎತ್ತಿಕೊಂಡು ಕೇಳತೊಡಗಿದರು.

ಸಂಜೆ ನಾನು ಕಚೇರಿಗೆ ಹೋಗಿ ಸಂಪಾದಕರ ಮುಂದೆ ಕೂತೆ. ನಕಲಿ ಆಂಟಿವೈರಸ್ ಬಗ್ಗೆ ಬರೆದರೆ ಕ್ಷೌರದಂಗಡಿಯಲ್ಲಿ ಓದುತ್ತಾರೆ, ಬರೆಯದಿದ್ದರೆ ಊರಿಗೆ ತಿಳಿಯುವುದಿಲ್ಲ. ನಾನು ಬರೆದುಕೊಟ್ಟ ಹಾಳೆಯನ್ನು ಅವರು ಮೂರು ಸಲ ಹೊಡೆದುಹಾಕಿದರು. ನಾಲ್ಕನೆಯದು ಮರುದಿನ ಮುಖಪುಟದ ಕೆಳಮೂಲೆಯಲ್ಲಿ, ಚೌಕಟ್ಟಿನೊಳಗೆ ಬಂತು: ‘ಕಂಪ್ಯೂಟರಿನ ವಿಷಯವಾಗಿ ನಮ್ಮೂರಿಗೆ ಫೋನ್ ಮಾಡುವವರು ಸಾಮಾನ್ಯವಾಗಿ ಊಟ ಮಾಡಿರುವುದಿಲ್ಲ. ಅವರು ಮಾತು ಶುರು ಮಾಡುವ ಮೊದಲೇ ವಿಚಾರಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ.’ ಆ ವಾಡಿಕೆಗೆ ಆಗ ಒಂದು ದಿನ ವಯಸ್ಸಾಗಿತ್ತು. ನಮ್ಮ ಪತ್ರಿಕೆಯಲ್ಲಿ ಅಚ್ಚಾದ ಅತಿ ಸಣ್ಣ ತಪ್ಪು ಅದು. ತಿದ್ದುಪಡಿ ಹಾಕಬೇಕಾಗಿ ಬರಲಿಲ್ಲ.

ನಿಂಗರಾಜು ಹೇಳಿದ್ದು ಸುಳ್ಳಾಗುವಂತಿರಲಿಲ್ಲ. ಮನೆಮನೆಗೂ ಫೋನ್ ಬರುತ್ತಲೇ ಇವೆ. ಆದರೆ ನಮ್ಮೂರಿನಲ್ಲಿ ಇದುವರೆಗೆ ಅವರಲ್ಲಿ ಯಾರಿಗೂ ಎರಡನೆಯ ವಾಕ್ಯ ಮುಗಿಸಲು ಆಗಿಲ್ಲ. ಫಕೀರಪ್ಪನ ಮಗಳ ಕುಬಸದ ದಿನವೂ ಬಂತು. ಹಸಿರು ಸೀರೆ ಉಟ್ಟು ಕೂತ ಅವಳಿಗೆ ಹೆಂಗಸರು ಆರತಿ ಎತ್ತುತ್ತಿದ್ದಾಗ ದಾಕ್ಷಾಯಿಣಿಯ ಸೊಂಟದಲ್ಲಿದ್ದ ಫೋನ್ ಹೊಡೆದುಕೊಂಡಿತು. ಆರತಿಯ ಹಾಡು ನಿಲ್ಲಿಸದಂತೆ ಅವರಿಗೆ ಕೈಸನ್ನೆ ಮಾಡಿ ಎತ್ತಿಕೊಂಡಳು. ಅದೇ ಹುಡುಗಿ.

“ಅಕ್ಕ, ಇವತ್ತು ಊಟ ಆಯ್ತು” ಎಂದಳು. ಆಮೇಲೆ ಹೇಳಬೇಕಾದದ್ದನ್ನು ಹೇಳದೆ ಸ್ವಲ್ಪ ಹೊತ್ತು ಹಾಡು ಕೇಳಿಸಿಕೊಂಡು, ಫೋನ್ ಇಟ್ಟಳು.